ದೋಣಿ ಎಂಜಿನ್ನಿನ ಗೇರು ಕೈಕೊಟ್ಟರೆ ಎಲ್ಲಿಂದ ಹುಡುಕಬೇಕು

ಲಿಂಗನಮಕ್ಕಿ ಅಣೆಕಟ್ಟಿನ ಪೂರ್ಣ ಮಟ್ಟ ಸಮುದ್ರ ಮಟ್ಟದಿಂದ 1819 ಅಡಿ. ಬೇಸಿಗೆಯಲ್ಲಿ ನೀರು ಇಳಿಯುತ್ತಾ ಹೋದಂತೆ ಶರಾವತಿ ಹಿನ್ನೀರಿನ ಉದ್ದಕ್ಕೂ ಹಿಂದೆ ಮುಳುಗಿದ ಮರಗಳ ಬೊಡ್ಡೆಗಳು ತಲೆ ಎತ್ತುತ್ತವೆ. ಮೇಲೆ ಬಂದ ಬೊಡ್ಡೆ ಕಣ್ಣಿಗೆ ಬೀಳುತ್ತದೆ, ತಪ್ಪಿಸಿಕೊಂಡು ಹೋಗಬಹುದು. ನೀರಿನಿಂದ ಒಂದು ಗೇಣು ಕೆಳಗೆ ಉಳಿದದ್ದೇ ಫ್ಯಾನಿಗೆ, ಅಂದರೆ ದೋಣಿ ತಳ್ಳುವ ಪ್ರೊಪೆಲ್ಲರಿಗೆ, ಬಡಿಯುವುದು. ಬಡಿದ ಮೇಲೆ ಬರುವ ದೂರು ಎಲ್ಲ ಕಡೆಯೂ ಒಂದೇ: "ಎಂತ ಮಾರಾಯ, ರೇಸ್ ಕೊಟ್ರೆ ಎಂಜಿನ್ ಕೂಗ್ತದೆ, ದೋಣಿ ಮಾತ್ರ ಹೋಗ್ತಾ ಇಲ್ಲ. ಗೇರ್‌ಬಾಕ್ಸ್ ಹೋಯ್ತು ಕಾಣ್ತದೆ."

ಇಂಥ ದೂರುಗಳಲ್ಲಿ ಗೇರ್‌ಬಾಕ್ಸ್ ನಿಜವಾಗಿ ಹೋಗಿರುವುದು ಕಡಿಮೆ. ಅಗ್ಗದ ಪಿನ್ನೊಂದು ತುಂಡಾಗಿರುತ್ತದೆ, ಇಲ್ಲವೇ ಫ್ಯಾನಿನ ಒಳಗಿನ ರಬ್ಬರ್ ಜಾರಿರುತ್ತದೆ, ಇಲ್ಲವೇ ಲಿವರ್‌ನಿಂದ ಕೆಳಗೆ ಹೋಗುವ ರಾಡಿನ ಹೊಂದಾಣಿಕೆ ತಪ್ಪಿರುತ್ತದೆ. ಆದರೂ ಮೊದಲು ಕೈ ಹಾಕುವುದು ಗೇರ್‌ಬಾಕ್ಸಿಗೇ. ಸರಿಯಾಗಿದ್ದ ಸೀಲು, ಶಿಮ್ಮು (ಸಂದು ಸರಿಹೊಂದಿಸುವ ತೆಳು ಬಿಲ್ಲೆ) ಎಲ್ಲ ಕೆದಕಿ, ಇಲ್ಲದ ತೊಂದರೆಯನ್ನು ತಂದುಕೊಳ್ಳುತ್ತಾರೆ. ಹೊರಗಿನಿಂದ ಒಳಕ್ಕೆ, ಮೇಲಿನಿಂದ ಕೆಳಕ್ಕೆ ಹುಡುಕುತ್ತಾ ಬಂದರೆ ಮುಕ್ಕಾಲು ಪಾಲು ಕೆಲಸ ದಡದಲ್ಲೇ ಮುಗಿಯುತ್ತದೆ.

ಇಲ್ಲಿ ಹೇಳುವುದೆಲ್ಲ 2 ರಿಂದ 15 ಎಚ್‌ಪಿಯ ಸಣ್ಣ ಔಟ್‌ಬೋರ್ಡುಗಳಿಗೆ, ಅಂದರೆ ಹಿಂದೆ ಕೂತು ಹಿಡಿಕೆ ಹಿಡಿದು ಓಡಿಸುವಂಥವಕ್ಕೆ. ಹಿನ್ನೀರಿನ ಲಾಂಚುಗಳ ಡೀಸೆಲ್ ಎಂಜಿನ್ನಿನ ಗೇರ್‌ಬಾಕ್ಸ್ ಬೇರೆಯದೇ ಜಾತಿ, ಅದರ ಮಾತು ಇಲ್ಲಿಲ್ಲ.

ಒಳಗೆ ಏನಿದೆ

ಎಂಜಿನ್ನಿನಿಂದ ಒಂದು ಡ್ರೈವ್ ಶಾಫ್ಟ್ ನೇರ ಕೆಳಗಿಳಿಯುತ್ತದೆ. ಅದರ ತುದಿಯಲ್ಲಿ ಪಿನಿಯನ್ ಎಂಬ ಚಿಕ್ಕ ಗೇರು. ಆ ಪಿನಿಯನ್ನಿಗೆ ಮುಂದಿನಿಂದ ಒಂದು, ಹಿಂದಿನಿಂದ ಒಂದು, ಹೀಗೆ ಎರಡು ದೊಡ್ಡ ಗೇರುಗಳು ಸದಾ ಕಚ್ಚಿಕೊಂಡೇ ಇರುತ್ತವೆ. ಎಂಜಿನ್ ಚಾಲೂ ಇದ್ದಷ್ಟು ಹೊತ್ತೂ ಎರಡೂ ಎದುರು ಬದುರು ದಿಕ್ಕಿಗೆ ತಿರುಗುತ್ತಿರುತ್ತವೆ, ನ್ಯೂಟ್ರಲ್‌ನಲ್ಲೂ ಸಹ. ಆದರೆ ಇವು ಫ್ಯಾನಿನ ಶಾಫ್ಟಿಗೆ ಬಿಗಿದುಕೊಂಡಿಲ್ಲ, ಅದರ ಸುತ್ತ ಸುಮ್ಮನೆ ತಿರುಗುತ್ತವೆ. ಶಾಫ್ಟಿಗೆ ಬಿಗಿದುಕೊಂಡದ್ದು ನಡುವೆ ಇರುವ ಡಾಗ್ ಕ್ಲಚ್. ಎರಡೂ ಮುಖದಲ್ಲಿ ಹಲ್ಲಿರುವ ಈ ಉಕ್ಕಿನ ತುಂಡು ಶಾಫ್ಟಿನ ಮೇಲೆ ಹಿಂದೆ ಮುಂದೆ ಜಾರುತ್ತದೆ. ಲಿವರ್ ತಳ್ಳಿದರೆ ರಾಡು, ರಾಡಿನ ತುದಿಯ ಕ್ಯಾಮ್, ಕ್ಯಾಮ್ ತಳ್ಳುವ ಪ್ಲಂಜರ್, ಇವುಗಳ ಮೂಲಕ ಡಾಗ್ ಸರಿದು ಯಾವುದಾದರೂ ಒಂದು ಗೇರಿನ ಹಲ್ಲಿಗೆ ಕೂರುತ್ತದೆ. ಗೇರು ಬಿತ್ತು ಎನ್ನುವುದು ಇದಕ್ಕೇ.

ಬೈಕು, ಜೀಪು ಓಡಿಸಿ ಕೈ ಪಳಗಿದವರು ತಪ್ಪುವುದು ಇಲ್ಲೇ. ಅವುಗಳಲ್ಲಿ ಕ್ಲಚ್ ಒತ್ತಿದಾಗ ಎಂಜಿನ್ ಬೇರೆಯಾಗುತ್ತದೆ, ನಿಧಾನಕ್ಕೆ ಗೇರು ಹಾಕಬಹುದು. ಔಟ್‌ಬೋರ್ಡಿನಲ್ಲಿ ಒತ್ತಲು ಕ್ಲಚ್ಚೇ ಇಲ್ಲ. ತಿರುಗುತ್ತಿರುವ ಹಲ್ಲಿಗೆ ನಿಂತ ಹಲ್ಲನ್ನು ನೇರ ಕೊಡಬೇಕು. ಎಂಜಿನ್ ನಿಮಿಷಕ್ಕೆ 1000 ಸುತ್ತಿನಲ್ಲಿ ನಡೆಯುತ್ತಿದೆ ಎಂದುಕೊಳ್ಳಿ. ಹಲವು 9.9 ಮತ್ತು 15 ಎಚ್‌ಪಿ ಎಂಜಿನ್ನುಗಳಲ್ಲಿ ಪಿನಿಯನ್ನಿಗೆ 13 ಹಲ್ಲು, ದೊಡ್ಡ ಗೇರಿಗೆ 27. ಅಂದರೆ ಆ ಗೇರು ನಿಮಿಷಕ್ಕೆ ಸುಮಾರು 480 ಸುತ್ತು, ಸೆಕೆಂಡಿಗೆ 8 ಸುತ್ತು. ಡಾಗಿಗೆ ಒಂದು ಮುಖಕ್ಕೆ ಮೂರು ಹಲ್ಲಿದ್ದರೆ, ನೀವು ಅರ್ಧ ಸೆಕೆಂಡು ತಡವರಿಸಿದಾಗ ಹಲ್ಲಿನ ಮೂಲೆಗೆ ಹನ್ನೆರಡು ಹೊಡೆತ. 'ಕಟಕಟಕಟ' ಎಂಬ ಆ ಸದ್ದು ಅದೇ. ಆದ್ದರಿಂದ ಗೇರು ಹಾಕುವಾಗ ಎರಡೇ ನಿಯಮ: ಎಂಜಿನ್ ಪೂರ್ತಿ ಸ್ಲೋಗೆ ಇಳಿದಿರಬೇಕು, ಲಿವರ್ ಒಂದೇ ಏಟಿಗೆ 'ಟಕ್' ಎಂದು ಕೂರಬೇಕು. ಎಂಜಿನ್ನಿಗೆ ನೋವಾದೀತು ಎಂದು ಮೆಲ್ಲಗೆ ಹಾಕುವುದೇ ಡಾಗ್ ಸವೆಯಲು ಮೊದಲ ಕಾರಣ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಎರಡನೇ ಕಾರಣ, ಸ್ಲೋ ಸ್ಪೀಡನ್ನೇ ಮೇಲೆ ಇಟ್ಟಿರುವುದು. ಚಳಿಗಾಲದ ಬೆಳಗ್ಗೆ ಎಂಜಿನ್ ನಿಂತು ಹೋಗುತ್ತದೆ ಎಂದು ಕಾರ್ಬ್ಯುರೇಟರಿನ ಸ್ಕ್ರೂ ತಿರುಗಿಸಿ 1500ಕ್ಕೆ ಏರಿಸಿ, ಹಾಗೇ ವರ್ಷವಿಡೀ ಬಿಟ್ಟಿರುತ್ತಾರೆ. ಪ್ರತಿ ಸಲ ಗೇರು ಹಾಕಿದಾಗಲೂ ಒಂದೂವರೆ ಪಟ್ಟು ಹೊಡೆತ. ಕಂಪನಿಯ ಪುಸ್ತಕದಲ್ಲಿ ಕೊಟ್ಟ ಸಂಖ್ಯೆಗೆ ತನ್ನಿ. ಆ ಸ್ಪೀಡಿನಲ್ಲಿ ಎಂಜಿನ್ ಆರಿಹೋದರೆ ತೊಂದರೆ ಪ್ಲಗ್ಗಿನಲ್ಲೋ ಕಾರ್ಬ್ಯುರೇಟರಿನ ಕಸದಲ್ಲೋ ಇದೆ, ಅದನ್ನು ನೋಡಿ.

ತೊಂದರೆಯೇ ಅಲ್ಲದವು

ಎಂಜಿನ್ ನಿಂತಿರುವಾಗ ಲಿವರ್ ತಳ್ಳಿದರೆ ಕೆಲವು ಸಲ ಅರ್ಧಕ್ಕೇ ನಿಲ್ಲುತ್ತದೆ. ಹಲ್ಲಿಗೆ ಹಲ್ಲು ಎದುರಾಗಿ ನಿಂತಿರುತ್ತದೆ ಅಷ್ಟೆ. ಪ್ಲಗ್ಗಿನ ವೈರ್ ಕಿತ್ತು, ಫ್ಯಾನನ್ನು ಕೈಯಲ್ಲಿ ಸ್ವಲ್ಪ ತಿರುಗಿಸುತ್ತಾ ಲಿವರ್ ಒತ್ತಿದರೆ ಕೂರುತ್ತದೆ. ಬಲ ಹಾಕಿ ಲಿವರ್ ಎಳೆದಾಡಿದರೆ ರಾಡು ಬಾಗುತ್ತದೆ, ಆಮೇಲೆ ಅದು ನಿಜವಾದ ತೊಂದರೆ.

ಡಿಸೆಂಬರ್, ಜನವರಿಯ ಬೆಳಗ್ಗೆ ನ್ಯೂಟ್ರಲ್‌ನಲ್ಲೂ ಫ್ಯಾನು ಮೆಲ್ಲಗೆ ತಿರುಗುವುದಿದೆ. ತಣ್ಣಗಿನ ಗೇರ್ ಆಯಿಲ್ ಗಟ್ಟಿಯಾಗಿ ಶಾಫ್ಟನ್ನು ತನ್ನ ಜೊತೆ ಎಳೆಯುತ್ತದೆ. ಎಂಜಿನ್ ಬಿಸಿಯಾದ ಮೇಲೆ ನಿಲ್ಲಬೇಕು. ಬಿಸಿಯಾದ ಮೇಲೂ ದೋಣಿ ಹಗ್ಗ ಜಗ್ಗುವಷ್ಟು ತಿರುಗಿದರೆ ಹೊಂದಾಣಿಕೆ ತಪ್ಪಿದೆ ಎಂದು ಅರ್ಥ.

ಸ್ಟಾರ್ಟ್ ಮಾಡುವ ಹಗ್ಗ ಎಳೆಯಲು ಬರುತ್ತಲೇ ಇಲ್ಲ, ಎಂಜಿನ್ ಜಾಮ್ ಆಗಿದೆ ಎಂದು ಗಾಬರಿಯಾಗುವವರಿದ್ದಾರೆ. ಗೇರಿನಲ್ಲಿದ್ದಾಗ ಹಗ್ಗ ಎಳೆಯದಂತೆ ತಡೆಯುವ ಒಂದು ಸಣ್ಣ ಕೇಬಲ್ ಬಹುತೇಕ ಎಂಜಿನ್ನುಗಳಲ್ಲಿದೆ. ನ್ಯೂಟ್ರಲ್‌ಗೆ ತಂದ ಮೇಲೂ ಹಗ್ಗ ಹಿಡಿದುಕೊಂಡರೆ ಆ ಕೇಬಲ್ ಸಡಿಲವಾಗಿದೆಯೇ, ಅದರ ಕೊಕ್ಕೆ ತುಕ್ಕು ಹಿಡಿದಿದೆಯೇ ನೋಡಿ. ಹಾಗೆಯೇ, ಹಿಡಿಕೆಯಲ್ಲಿ ರೇಸ್ ಏರಿಸಿಯೇ ಇದ್ದರೆ ಕೆಲವು ಮಾದರಿಗಳಲ್ಲಿ ಗೇರಿನ ಲಿವರ್ ಅಲುಗುವುದಿಲ್ಲ. ಅದು ಬೇಕೆಂದೇ ಇಟ್ಟ ತಡೆ.

ಇನ್ನು ರಿವರ್ಸ್ ಹಾಕಿದಾಗ ಎಂಜಿನ್ನಿನ ಕಾಲು, ಅಂದರೆ ನೀರಿನೊಳಗಿರುವ ಕೆಳಭಾಗ, ಮೇಲಕ್ಕೆದ್ದು ಫ್ಯಾನು ಗಾಳಿಯಲ್ಲಿ ಕೂಗುವುದು. ಇದಕ್ಕೂ ಗೇರಿಗೂ ಸಂಬಂಧವಿಲ್ಲ. ಕ್ಲ್ಯಾಂಪಿನ ಹತ್ತಿರ ರಿವರ್ಸ್ ಲಾಕ್ ಎಂಬ ಕೊಕ್ಕೆ ಇದೆ, ಅದು ಪಿನ್ನಿಗೆ ಕಚ್ಚಿಲ್ಲ. ಕೊಕ್ಕೆಯ ಸ್ಪ್ರಿಂಗ್ ತುಂಡಾಗಿರಬಹುದು, ಕೆಂಪು ಕೆಸರು ತುಂಬಿರಬಹುದು. ತೊಳೆದು ಗ್ರೀಸ್ ಹಚ್ಚಿ.

ಎಂಜಿನ್ ಕೂಗುತ್ತದೆ, ದೋಣಿ ಹೋಗುವುದಿಲ್ಲ

ಎಲ್ಲಕ್ಕಿಂತ ಮೊದಲು ಎಂಜಿನ್ ಹಿಂದೆ ಹೊರಬರುವ ಕೂಲಿಂಗ್ ನೀರಿನ ಧಾರೆ ನೋಡಿ. ನೀರಿನ ಪಂಪು ಕೂತಿರುವುದು ಡ್ರೈವ್ ಶಾಫ್ಟಿನ ಮೇಲೆ, ಗೇರ್‌ಬಾಕ್ಸಿಗೆ ಸ್ವಲ್ಪ ಮೇಲೆ. ಧಾರೆ ಚೆನ್ನಾಗಿ ಬರುತ್ತಿದ್ದರೆ ಪಂಪಿನವರೆಗೂ ಶಾಫ್ಟ್ ತಿರುಗುತ್ತಿದೆ, ತೊಂದರೆ ಅದಕ್ಕಿಂತ ಕೆಳಗೆ. ಫ್ಯಾನೂ ತಿರುಗುತ್ತಿಲ್ಲ, ಧಾರೆಯೂ ಇಲ್ಲ ಎಂದರೆ ಶಾಫ್ಟಿನ ಮೇಲ್ತುದಿಯ ಸ್ಪ್ಲೈನ್ (ಎಂಜಿನ್ನಿಗೆ ಕಚ್ಚುವ ಉದ್ದುದ್ದ ಹಲ್ಲು) ಬೋಳಾಗಿದೆ, ಇಲ್ಲವೇ ಶಾಫ್ಟೇ ತುಂಡಾಗಿದೆ. ತಕ್ಷಣ ಎಂಜಿನ್ ನಿಲ್ಲಿಸಿ, ನೀರಿಲ್ಲದೆ ಓಡಿದರೆ ಪಿಸ್ಟನ್ ಹಿಡಿಯುತ್ತದೆ.

ಧಾರೆ ಬರುತ್ತಿದ್ದರೆ ಎಂಜಿನ್ ನಿಲ್ಲಿಸಿ, ಪ್ಲಗ್ಗಿನ ವೈರ್ ಕಿತ್ತು ಪಕ್ಕಕ್ಕಿಡಿ. ಈ ಒಂದು ಕೆಲಸವನ್ನು ಯಾವತ್ತೂ ಬಿಡಬೇಡಿ. ಬಿಸಿ ಎಂಜಿನ್ನಿನ ಫ್ಯಾನನ್ನು ಗೇರಿನಲ್ಲಿ ತಿರುಗಿಸಿದರೆ ಅದು ಹತ್ತಿಕೊಂಡು ಬೆರಳು ಕಳೆಯಬಹುದು. ಈಗ ಮುಂದಿನ ಗೇರಿಗೆ (ಫಾರ್ವರ್ಡ್) ಹಾಕಿ ಫ್ಯಾನನ್ನು ಎರಡೂ ಕಡೆ ತಿರುಗಿಸಿ. ಬಿಗಿಯಾಗಿ, ಎಂಜಿನ್ನಿನ ಕಂಪ್ರೆಷನ್ ಕೈಗೆ ತಾಗಿದರೆ ಗೇರು ಕಚ್ಚಿದೆ. ಸುಲಭವಾಗಿ ಗಿರ್ರೆಂದು ತಿರುಗಿದರೆ ಪಿನ್ನು ತುಂಡಾಗಿದೆ, ಅಥವಾ ಡಾಗ್ ಗೇರಿಗೆ ಬಂದೇ ಇಲ್ಲ. ಎರಡರಲ್ಲಿ ಯಾವುದು ಎಂದು ತಿಳಿಯಲು ಫ್ಯಾನಿನ ಜೊತೆ ಒಳಗಿನ ಶಾಫ್ಟೂ ತಿರುಗುತ್ತಿದೆಯೇ ಎಂದು ತುದಿಯಲ್ಲಿ ನೋಡಿ. ಫ್ಯಾನು ಮಾತ್ರ ತಿರುಗಿ ಶಾಫ್ಟ್ ನಿಂತಿದ್ದರೆ ಪಿನ್ನು.

2 ರಿಂದ 6 ಎಚ್‌ಪಿಯ ಹಲವು ಎಂಜಿನ್ನುಗಳಲ್ಲಿ ಶಾಫ್ಟಿಗೆ ಅಡ್ಡಲಾಗಿ ಒಂದು ಶಿಯರ್ ಪಿನ್ ಇರುತ್ತದೆ. ಬೊಡ್ಡೆಗೆ ಬಡಿದಾಗ ತಾನು ತುಂಡಾಗಿ ಗೇರಿನ ಹಲ್ಲು ಉಳಿಸುವುದೇ ಅದರ ಕೆಲಸ. ಬದಲಿಸುವುದು ಹತ್ತು ನಿಮಿಷದ ಮಾತು: ಕಾಟರ್ ಪಿನ್ (ನಟ್ಟು ಕಳಚದಂತೆ ಹಿಡಿಯುವ ಎರಡು ಕಾಲಿನ ಪಿನ್ನು) ನೇರ ಮಾಡಿ ಎಳೆಯಿರಿ, ನಟ್ಟು ಅಥವಾ ಕೋನ್ ಬಿಚ್ಚಿ, ಫ್ಯಾನು ಹೊರಗೆ, ತುಂಡುಗಳನ್ನು ಸಣ್ಣ ಪಂಚಿನಿಂದ ತಟ್ಟಿ ತೆಗೆದು ಹೊಸದು ಹಾಕಿ. ವಾಷರ್‌ಗಳು ಬಂದ ಕ್ರಮದಲ್ಲೇ ಒಂದು ಬಟ್ಟೆಯ ಮೇಲೆ ಸಾಲಾಗಿ ಇಟ್ಟರೆ ಹಿಂದೆ ಹಾಕುವಾಗ ತಲೆಬಿಸಿ ಇಲ್ಲ. ಶಾಫ್ಟಿಗೆ ಗ್ರೀಸ್ ಸವರಿ. ಕಾಟರ್ ಪಿನ್ ಪ್ರತಿ ಸಲವೂ ಹೊಸದೇ. ಹಳೆಯದನ್ನು ಮತ್ತೆ ಬಗ್ಗಿಸಿದರೆ ಕಾಲು ಮುರಿದು, ನಟ್ಟು ಸಡಿಲಾಗಿ, ಫ್ಯಾನೇ ನೀರಿನ ತಳ ಸೇರುತ್ತದೆ.

ಪಿನ್ನು ಸಿಗಲಿಲ್ಲ ಎಂದು ಮೊಳೆ, ಸ್ಕ್ರೂಡ್ರೈವರಿನ ತುಂಡು, ಲೇತಿನಲ್ಲಿ ಕೊರೆಸಿದ ಗಟ್ಟಿ ಉಕ್ಕಿನ ರಾಡು ಹಾಕುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಮೊಳೆ ಮೆತ್ತಗಿದ್ದರೆ ಬಾಗಿ ಫ್ಯಾನಿನ ತೂತನ್ನೇ ಅಗಲ ಮಾಡುತ್ತದೆ. ಉಕ್ಕು ಗಟ್ಟಿಯಾಗಿದ್ದರೆ ಮುಂದಿನ ಬೊಡ್ಡೆಗೆ ಪಿನ್ನಿನ ಬದಲು ಪಿನಿಯನ್ ಹಲ್ಲು ಹಾರುತ್ತದೆ. ಕಂಪನಿಯ ಪಿನ್ನು ಎರಡು ಹೆಚ್ಚಿಗೆ ತಂದಿಟ್ಟುಕೊಳ್ಳಿ. ಸಾಗರ, ಹೊಸನಗರದಲ್ಲಿ ಕೇಳಿದರೆ ಸಿಗುವ ವಸ್ತುವಲ್ಲ. ಔಟ್‌ಬೋರ್ಡಿನ ಬಿಡಿಭಾಗಕ್ಕೆ ಮಲ್ಪೆ, ಮಂಗಳೂರಿನಂಥ ಕಡಲ ಕಡೆಯ ಊರುಗಳನ್ನೇ ನೋಡಬೇಕು, ಘಟ್ಟ ಇಳಿದಾಗ ನೆನಪಿಟ್ಟು ತರುವುದು ಒಳ್ಳೆಯದು.

8 ಎಚ್‌ಪಿ ಮೇಲಿನವುಗಳಲ್ಲಿ ಪಿನ್ನಿನ ಜಾಗದಲ್ಲಿ ಫ್ಯಾನಿನ ಒಳಗೆ ರಬ್ಬರ್ ಹಬ್ ಇರುತ್ತದೆ. ಒಳಗಿನ ಲೋಹದ ಕೊಳವೆಗೂ ಹೊರಗಿನ ಫ್ಯಾನಿಗೂ ನಡುವೆ ಒತ್ತಿ ಕೂರಿಸಿದ ರಬ್ಬರ್. ಇದು ಜಾರಲು ಶುರುವಾದರೆ ಪತ್ತೆ ಹಚ್ಚುವುದು ಸ್ವಲ್ಪ ಕಷ್ಟ, ಏಕೆಂದರೆ ಕೈಯಲ್ಲಿ ತಿರುಗಿಸಿದರೆ ಗಟ್ಟಿಯಾಗಿಯೇ ಇರುತ್ತದೆ. ಸ್ಲೋನಲ್ಲಿ ದೋಣಿ ಹೋಗುತ್ತದೆ, ರೇಸ್ ಕೊಟ್ಟ ಕೂಡಲೇ ಎಂಜಿನ್ ಮೇಲಕ್ಕೆ ಕೂಗಿ ದೋಣಿ ಅಲ್ಲೇ ಉಳಿಯುತ್ತದೆ. ಎಲ್ಲರೂ ಗೇರು ಜಾರುತ್ತಿದೆ ಎನ್ನುವುದು ಇದಕ್ಕೇ.

ಪರೀಕ್ಷೆ ಸುಲಭ. ಫ್ಯಾನು ಬಿಚ್ಚಿ ಹಿಂಭಾಗ ಒಣಗಿಸಿ. ಒಳಗಿನ ಕೊಳವೆಯ ಅಂಚಿನಿಂದ ಶುರು ಮಾಡಿ, ರಬ್ಬರಿನ ಮೇಲೆ ಹಾಯ್ದು, ಹೊರಗಿನ ಅಲ್ಯೂಮಿನಿಯಮ್ಮಿನವರೆಗೆ ಬಿಳಿ ಪೇಂಟಿನಿಂದ ಒಂದೇ ನೇರ ಗೆರೆ ಎಳೆಯಿರಿ. ಒಣಗಿದ ಮೇಲೆ ಮತ್ತೆ ಹಾಕಿ, ಎರಡು ಮೂರು ಸಲ ರೇಸ್ ಕೊಟ್ಟು ಬನ್ನಿ. ಬಿಚ್ಚಿ ನೋಡಿದಾಗ ಗೆರೆ ಎರಡು ತುಂಡಾಗಿ, ಒಳಗಿನ ತುಂಡು ಒಂದು ಕಡೆ, ಹೊರಗಿನದು ಇನ್ನೊಂದು ಕಡೆ ಸರಿದಿದ್ದರೆ ಬೇರೆ ಸಾಕ್ಷಿ ಬೇಡ. ಮೂಗು ಹತ್ತಿರ ಒಯ್ದರೆ ಸುಟ್ಟ ರಬ್ಬರಿನ ವಾಸನೆಯೂ ಇರಬಹುದು. ಗೆರೆ ನೆಟ್ಟಗೇ ಇದ್ದರೆ ಹಬ್ಬಿನ ತಪ್ಪಲ್ಲ.

ಹಬ್ ಜಾರಿದರೂ ಸ್ಲೋನಲ್ಲೇ ಮೆಲ್ಲಗೆ ಮನೆ ಮುಟ್ಟಬಹುದು. ಆಮೇಲೆ ಹೊಸ ಹಬ್ ಪ್ರೆಸ್ಸಿನಲ್ಲಿ ಕೂರಿಸಬೇಕು, ಇಲ್ಲವೇ ಹೊಸ ಫ್ಯಾನು. ಹಬ್ಬಿನ ಮೂಲಕ ಡ್ರಿಲ್ ಹೊಡೆದು ಬೋಲ್ಟ್ ಬಿಗಿಯುವ ಉಪಾಯ ಮಾತ್ರ ಬೇಡ. ಮೊಳೆ ಹಾಕಿದ್ದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ.

ಗೆರೆಯೂ ಸರಿ, ಗೇರೂ ಬಿಗಿ, ಆದರೂ ಎಂಜಿನ್ ಕೂಗುತ್ತದೆಯೇ? ಎಂಜಿನ್ ತೂಗುಹಾಕಿದ ಎತ್ತರ ನೋಡಿ. ಫ್ಯಾನಿನ ಮೇಲಿರುವ ಚಪ್ಪಟೆ ರೆಕ್ಕೆ ದೋಣಿಯ ತಳದ ಮಟ್ಟಕ್ಕೆ, ಅಥವಾ ಅದಕ್ಕಿಂತ ಒಂದಿಂಚು ಕೆಳಗೆ ಇರಬೇಕು. ಗಿಡ್ಡ ಕಾಲಿನ ಎಂಜಿನ್ (ಶಾರ್ಟ್ ಶಾಫ್ಟ್) 15 ಇಂಚಿನ ಹಿಂಬದಿ ಹಲಗೆಗೆ, ಉದ್ದ ಕಾಲಿನದು (ಲಾಂಗ್ ಶಾಫ್ಟ್) 20 ಇಂಚಿಗೆ. ಊರಲ್ಲೇ ಕಟ್ಟಿಸಿದ ದೋಣಿಗೆ 18 ಇಂಚಿನ ಹಲಗೆ ಇದ್ದು ಶಾರ್ಟ್ ಶಾಫ್ಟ್ ತೂಗುಹಾಕಿದರೆ ಫ್ಯಾನು ಮೇಲಿನ ಗಾಳಿ ಎಳೆದುಕೊಂಡು ನೀರಲ್ಲಿ ಸುಮ್ಮನೆ ಸುತ್ತುತ್ತದೆ, ತಿರುವಿನಲ್ಲಂತೂ ಖಂಡಿತ. ಇದಕ್ಕೆ ಮದ್ದು ಗರಗಸ, ಸ್ಪ್ಯಾನರ್ ಅಲ್ಲ.

ಗೇರು ಬಿದ್ದು ಮತ್ತೆ ಹಾರುವುದು

ಮುಂದಿನ ಗೇರು ಬೀಳುತ್ತದೆ, ಸ್ವಲ್ಪ ರೇಸ್ ಏರಿಸಿದ ಕೂಡಲೇ 'ಟಕ್ ಟಕ್' ಎಂದು ಹಾರಿ ಮತ್ತೆ ಬಡಿಯುತ್ತದೆ. ಇದು ನಿಜವಾದ ಗೇರಿನ ತೊಂದರೆ, ಮತ್ತು ಇದರಲ್ಲಿ ತಡ ಮಾಡುವಂತಿಲ್ಲ. ಪ್ರತಿ ಬಡಿತಕ್ಕೂ ಡಾಗಿನ ಮೂಲೆ ಇನ್ನಷ್ಟು ಉರುಟಾಗುತ್ತದೆ. ಉರುಟಾದಷ್ಟೂ ಇನ್ನಷ್ಟು ಹಾರುತ್ತದೆ.

ಆದರೂ ಡಾಗನ್ನು ದೂರುವ ಮೊದಲು ಮೇಲಿನ ಲಿಂಕೇಜ್ ನೋಡಿ. ಎಂಜಿನ್ನಿನ ಟೋಪಿ ತೆಗೆದು, ಒಬ್ಬರು ಲಿವರ್ ಹಿಂದೆ ಮುಂದೆ ಆಡಿಸಲಿ, ಇನ್ನೊಬ್ಬರು ಪ್ರತಿ ಕೀಲನ್ನೂ ಕಣ್ಣಿಟ್ಟು ನೋಡಲಿ. ಲಿವರ್ ಅಲುಗಿದರೂ ಮುಂದಿನ ಕೀಲು ಅಲುಗದ ಜಾಗದಲ್ಲಿ ಸವೆದ ನೈಲಾನ್ ಬುಶ್ಶೋ, ಬಿದ್ದುಹೋದ ಕ್ಲಿಪ್ಪೋ ಇರುತ್ತದೆ. ಪ್ರತಿ ಕೀಲಿನಲ್ಲಿ ಒಂದೊಂದು ಮಿಲಿಮೀಟರ್ ಸಡಿಲವಿದ್ದರೆ ಕೆಳಗೆ ತಲುಪುವ ಹೊತ್ತಿಗೆ ಡಾಗ್ ಅರ್ಧ ಹಲ್ಲಷ್ಟೇ ಕಚ್ಚಿರುತ್ತದೆ. ಲಿವರ್ ಸ್ಥಾನದಲ್ಲಿ 'ಕ್ಲಿಕ್' ಎಂದು ನಿಲ್ಲಿಸುವ ಸಣ್ಣ ಗುಂಡು ಮತ್ತು ಸ್ಪ್ರಿಂಗ್ ಸಹ ಸವೆಯುತ್ತವೆ. ರಿಮೋಟ್ ಕೇಬಲ್ ಇರುವ ದೋಣಿಯಾದರೆ ಎಂಜಿನ್ ತುದಿಯಲ್ಲಿ ಕೇಬಲ್ ಬಿಚ್ಚಿ, ಎಂಜಿನ್ನಿನ ತೋಳನ್ನು ಕೈಯಲ್ಲೇ ಆಡಿಸಿ. ಕೈಯಲ್ಲಿ ಸಲೀಸಾಗಿ ಬಿದ್ದರೆ ತಪ್ಪು ಕೇಬಲ್ಲಿನದು. ಒಳಗೆ ತುಕ್ಕು ಊದಿದ ಕೇಬಲ್ಲಿಗೆ ಎಣ್ಣೆ ಬಿಡುವುದು ವಾರದ ಮಟ್ಟಿನ ಸಮಾಧಾನ, ಬದಲಿಸುವುದೇ ಸರಿ.

ಹೊಂದಾಣಿಕೆ ಮಾಡುವುದು ಮೇಲಿನ ರಾಡೂ ಕೆಳಗಿನ ರಾಡೂ ಕೂಡುವ ಕನೆಕ್ಟರಿನಲ್ಲಿ. ಅದರ ಲಾಕ್ ನಟ್ಟು ಸಡಿಲಿಸುವ ಮುನ್ನ ಎಷ್ಟು ಥ್ರೆಡ್ ಹೊರಗೆ ಕಾಣುತ್ತದೆ ಎಂದು ಎಣಿಸಿ ಬರೆದಿಟ್ಟುಕೊಳ್ಳಿ, ಫೋನಿನಲ್ಲಿ ಫೋಟೋ ತೆಗೆದರೆ ಇನ್ನೂ ಒಳ್ಳೆಯದು. ಲಿವರ್ ನ್ಯೂಟ್ರಲ್‌ನಲ್ಲಿದ್ದಾಗ ಫ್ಯಾನು ಎರಡೂ ಕಡೆ ತಡೆಯಿಲ್ಲದೆ ತಿರುಗಬೇಕು. ಲಿವರನ್ನು ಅಲ್ಲಿಂದ ಮೆಲ್ಲಗೆ ಮುಂದಕ್ಕೆ ತಳ್ಳುತ್ತಾ ಫ್ಯಾನು ಆಡಿಸಿ, ಹಲ್ಲು ಮೊದಲು ತಾಗುವ ಜಾಗದಲ್ಲಿ ಪೆನ್ಸಿಲ್ ಗುರುತು ಹಾಕಿ. ರಿವರ್ಸ್ ಕಡೆಗೂ ಹಾಗೆಯೇ. ನ್ಯೂಟ್ರಲ್ ಗುರುತು ಎರಡರ ಸರಿ ನಡುವೆ ಇರಬೇಕು. ಒಂದು ಕಡೆ ವಾಲಿದ್ದರೆ ಕನೆಕ್ಟರನ್ನು ಒಂದೊಂದೇ ಸುತ್ತು ತಿರುಗಿಸಿ ಸರಿ ಮಾಡಿ. ಕನೆಕ್ಟರಿನೊಳಗೆ ರಾಡು ಕನಿಷ್ಠ 8 ಮಿಲಿಮೀಟರ್ ಹಿಡಿದಿರಬೇಕು, ಲಾಕ್ ನಟ್ಟು ಮತ್ತೆ ಬಿಗಿಯಬೇಕು. ರಾಡು ಕಳಚಿಕೊಂಡರೆ ನೀರಿನ ನಡುವೆ ಗೇರು ಯಾವುದರಲ್ಲಿದೆಯೋ ಅದರಲ್ಲೇ ಉಳಿಯುತ್ತದೆ.

ಹೊಂದಾಣಿಕೆ ಸರಿಯಾಗಿದ್ದೂ ಹಾರಿದರೆ ಡಾಗ್ ಸವೆದಿದೆ. ಬಿಚ್ಚಿ ಹೊರತೆಗೆದು (ಅದರ ಕ್ರಮ ಕೊನೆಯ ಭಾಗದಲ್ಲಿದೆ) ಕೈಯಲ್ಲಿ ಹಿಡಿದು ಬೆಳಕಿಗೆ ಒಡ್ಡಿದರೆ ಗೊತ್ತಾಗುತ್ತದೆ. ಸರಿಯಿದ್ದ ಹಲ್ಲಿನ ಅಂಚಿಗೆ ಉಗುರು ಎಳೆದರೆ ಚೂಪಾಗಿ ತಡೆಯುತ್ತದೆ. ಸವೆದದ್ದರಲ್ಲಿ ಆ ಮೂಲೆ ಹೊಳೆಯಲ್ಲಿ ಉರುಳಿದ ಕಲ್ಲಿನಂತೆ ನುಣುಪಾಗಿ, ಕನ್ನಡಿಯ ಹಾಗೆ ಮಿನುಗುತ್ತಿರುತ್ತದೆ, ಉಗುರು ಜಾರಿ ಹೋಗುತ್ತದೆ. ಅದಕ್ಕೆ ಎದುರಿನ ಗೇರಿನ ಹಲ್ಲನ್ನೂ ಹಾಗೇ ನೋಡಿ. ಒಂದು ಸವೆದರೆ ಇನ್ನೊಂದೂ ಸವೆದಿರುತ್ತದೆ, ಎರಡನ್ನೂ ಒಟ್ಟಿಗೇ ಬದಲಿಸಬೇಕು. ಹೊಸ ಡಾಗಿಗೆ ಹಳೇ ಗೇರು ಜೋಡಿಸಿದರೆ ದುಡ್ಡು ನೀರಿಗೆ. ಡಾಗಿನ ಮೇಲೆ 'ಎಫ್' ಎಂದು ಕೊರೆದಿದ್ದರೆ ಆ ಮುಖ ಮುಂದಿನ ಗೇರಿನ ಕಡೆಗೇ ಬರಬೇಕು. ಗ್ರೈಂಡರಿನಲ್ಲಿ ಅಂಚು ತೀಡಿ ಚೂಪು ಮಾಡಿಸುವುದನ್ನು ಒಪ್ಪಲಾರೆ. ಮೇಲ್ಮೈಯ ಗಟ್ಟಿ ಪದರ ಹೋದ ಮೇಲೆ ಒಳಗಿನ ಮೆತ್ತಗಿನ ಉಕ್ಕು ಬೇಗ ಕರಗುತ್ತದೆ.

ಆಯಿಲ್ ಹೇಳುವ ಮಾತು

ಗೇರ್‌ಬಾಕ್ಸ್ ಬಿಚ್ಚದೆ ಅದರ ಒಳಗೆ ನೋಡಲು ಇರುವ ಒಂದೇ ಕಿಟಕಿ ಆಯಿಲ್. ಎಂಜಿನ್ನನ್ನು ರಾತ್ರಿ ನೆಟ್ಟಗೆ ನಿಲ್ಲಿಸಿ. ಬೆಳಗ್ಗೆ ಕೆಳಗಿನ ಡ್ರೈನ್ ಸ್ಕ್ರೂವನ್ನು ಅರ್ಧ ಸುತ್ತು ಮಾತ್ರ ಸಡಿಲಿಸಿ, ಕೆಳಗೆ ಗಾಜಿನ ಲೋಟ ಹಿಡಿಯಿರಿ. ನೀರು ಎಣ್ಣೆಗಿಂತ ಭಾರ, ಇದ್ದರೆ ಮೊದಲ ಹನಿಗಳು ಬರೀ ನೀರೇ. ಪೂರ್ತಿ ಇಳಿಸಿದಾಗ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕಿದ್ದರೆ ನೀರು ಸೇರಿ ಕಡೆದಾಗಿದೆ. ಸ್ಕ್ರೂವಿನ ತುದಿಯ ಅಯಸ್ಕಾಂತಕ್ಕೆ ಬೂದು ಬಣ್ಣದ ನುಣ್ಣನೆ ಲೇಪ ಅಂಟಿರುವುದು ಸಹಜ. ಬೆರಳ ನಡುವೆ ಉಜ್ಜಿದಾಗ ಚುಚ್ಚುವ ಚೂರು ಸಿಕ್ಕರೆ ಹಲ್ಲೋ ಬೇರಿಂಗೋ ಒಡೆದಿದೆ, ಇನ್ನು ಓಡಿಸಬೇಡಿ.

ಇಲ್ಲೊಂದು ಎಚ್ಚರಿಕೆ. ಕೆಲವು ಹಳೆಯ ಎಂಜಿನ್ನುಗಳಲ್ಲಿ ಡ್ರೈನ್ ಸ್ಕ್ರೂ ಪಕ್ಕದಲ್ಲೇ ಪ್ಲಸ್ ತಲೆಯ ಇನ್ನೊಂದು ಸ್ಕ್ರೂ ಇರುತ್ತದೆ. ಒಳಗಿನ ಗೇರು ಬದಲಿಸುವ ತೊಟ್ಟಿಲಿಗೆ ಅದೇ ಆಧಾರ. ಅದನ್ನು ಬಿಚ್ಚಿದರೆ ತೊಟ್ಟಿಲು ಕಳಚಿ, ಇಡೀ ಗೇರ್‌ಬಾಕ್ಸ್ ಬಿಚ್ಚದೆ ಮತ್ತೆ ಕೂರಿಸಲಾಗದು. ಡ್ರೈನ್ ಸ್ಕ್ರೂ ಸಾಮಾನ್ಯವಾಗಿ ದಪ್ಪ, ಅಗಲ ಗೀರಿನದು.

ನೀರು ಒಳಬರುವ ದಾರಿಗಳಲ್ಲಿ ನಮ್ಮ ಹಿನ್ನೀರಿಗೆ ಮುಖ್ಯವಾದದ್ದು ಫ್ಯಾನಿನ ಹಿಂದಿನ ಆಯಿಲ್ ಸೀಲು. ಅದನ್ನು ಕೊಲ್ಲುವುದು ತಂಗೂಸಿ ದಾರ. ಹರಿದ ಬಲೆಯ ಎಳೆ ಫ್ಯಾನಿಗೆ ಸುತ್ತಿಕೊಂಡು, ವಾಷರಿನ ಹಿಂದೆ ನುಸುಳಿ, ಬಿಸಿಯಾಗಿ ಸೀಲಿನ ತುಟಿಯನ್ನು ಕೊಯ್ಯುತ್ತದೆ. ಹೊರಗಿನಿಂದ ಕಾಣುವುದೇ ಇಲ್ಲ. ಫ್ಯಾನು ಬಿಚ್ಚಿ ದೊಡ್ಡ ವಾಷರ್ ಎಳೆದಾಗ ಶಾಫ್ಟಿಗೆ ಬಿಗಿಯಾಗಿ ಸುತ್ತಿದ ನೂಲಿನುಂಡೆ ಸಿಗುತ್ತದೆ. ಬಲೆ ಹಾಕುವ ಜಾಗದಲ್ಲಿ ಓಡಾಡುವವರು ತಿಂಗಳಿಗೊಮ್ಮೆಯಾದರೂ ಫ್ಯಾನು ಬಿಚ್ಚಿ ನೋಡಬೇಕು. ಉಳಿದ ದಾರಿಗಳು ಡ್ರೈನ್ ಸ್ಕ್ರೂಗಳ ವಾಷರ್, ಡ್ರೈವ್ ಶಾಫ್ಟಿನ ಸೀಲು, ಗೇರ್ ರಾಡಿನ ಸಣ್ಣ ರಬ್ಬರ್.

ಯಾವುದು ಎಂದು ತಿಳಿಯಲು ಆಯಿಲ್ ಖಾಲಿ ಮಾಡಿ, ಮೇಲಿನ ತೂತಿಗೆ ನಿಪ್ಪಲ್ ಹಾಕಿ, ಕೈಪಂಪಿನಿಂದ 10 ಪಿಎಸ್‌ಐ ಗಾಳಿ ತುಂಬಿ ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ. ಗುಳ್ಳೆ ಏಳುವ ಜಾಗವೇ ಉತ್ತರ. ಐದು ನಿಮಿಷ ಒತ್ತಡ ಇಳಿಯದಿದ್ದರೆ ಸರಿ. 15 ದಾಟಿಸಬೇಡಿ, ಒಳ್ಳೆಯ ಸೀಲೂ ಮಗುಚಿಕೊಳ್ಳುತ್ತದೆ. ಸೀಲಿನ ಮೇಲೆ ಅಳತೆ ಅಚ್ಚಾಗಿರುತ್ತದೆ, ಶಿವಮೊಗ್ಗದ ಬೇರಿಂಗ್ ಅಂಗಡಿಗೆ ಹಳೆಯದನ್ನೇ ಒಯ್ದು ತೋರಿಸಿ. ತೆಗೆಯುವ ಮುನ್ನ ತುಟಿ ಯಾವ ಕಡೆಗಿತ್ತು ಎಂದು ಗುರುತಿಟ್ಟುಕೊಳ್ಳಿ. ಎರಡು ಸೀಲಿದ್ದರೆ ಎರಡರದ್ದೂ.

ಹೊಸ ಆಯಿಲ್ ಔಟ್‌ಬೋರ್ಡಿಗೆಂದೇ ಬರುವ ಎಸ್‌ಎಇ 90 ಗೇರ್ ಆಯಿಲ್ ಆಗಿರಲಿ, ಎಂಜಿನ್ ಆಯಿಲ್ ಅಲ್ಲ. ಬೇಕಾಗುವುದು ಬಹಳ ಕಡಿಮೆ: 2 ರಿಂದ 6 ಎಚ್‌ಪಿಗೆ ಸುಮಾರು 50 ರಿಂದ 200 ಮಿಲಿ, 8 ರಿಂದ 15ಕ್ಕೆ 150 ರಿಂದ 370 ಮಿಲಿಯ ಆಸುಪಾಸು. ತುಂಬುವುದು ಕೆಳಗಿನ ತೂತಿನಿಂದ. ಮೇಲಿನಿಂದ ಸುರಿದರೆ ಗಾಳಿ ಒಳಗೆ ಸಿಕ್ಕಿಕೊಂಡು ಅರ್ಧವೂ ತುಂಬುವುದಿಲ್ಲ. ಮೇಲಿನ ತೂತಿನಿಂದ ಗುಳ್ಳೆಯಿಲ್ಲದೆ ಆಯಿಲ್ ಹೊರಬಂದ ಮೇಲೆ ಮೊದಲು ಮೇಲಿನ ಸ್ಕ್ರೂ ಬಿಗಿಯಿರಿ, ಆಮೇಲೆ ಟ್ಯೂಬ್ ಎಳೆದು ಥಟ್ಟನೆ ಕೆಳಗಿನದು. ವಾಷರ್ ಎರಡೂ ಹೊಸವು. 100 ಗಂಟೆಗೊಮ್ಮೆ ಅಥವಾ ಆರು ತಿಂಗಳಿಗೊಮ್ಮೆ ಬದಲಿಸಿ. ನಮ್ಮ ಕಡೆಗಂತೂ ಮೇ ಕೊನೆಗೆ, ಮಳೆಗಾಲಕ್ಕೆ ಎಂಜಿನ್ ಎತ್ತಿಡುವ ಮುನ್ನ, ಒಮ್ಮೆ ಕಡ್ಡಾಯ. ನೀರು ಬೆರೆತ ಆಯಿಲ್ ಮೂರು ನಾಲ್ಕು ತಿಂಗಳು ಒಳಗೇ ನಿಂತರೆ ಅಕ್ಟೋಬರಿನಲ್ಲಿ ಬೇರಿಂಗಿನ ಗುಂಡುಗಳ ಮೇಲೆ ತುಕ್ಕಿನ ಚುಕ್ಕೆ ಸಿಗುತ್ತದೆ.

ಕಾಲು ಇಳಿಸಬೇಕಾಗಿಯೇ ಬಂದರೆ

ಕನೆಕ್ಟರಿನ ಥ್ರೆಡ್ ಎಣಿಸಿಟ್ಟು, ರಾಡು ಬಿಡಿಸಿ, ಕಾಲನ್ನು ಹಿಡಿದ ಬೋಲ್ಟುಗಳನ್ನು ತೆಗೆದರೆ ಕೆಳಭಾಗ ನೇರ ಇಳಿಯುತ್ತದೆ. ಅಂಟಿಕೊಂಡಿದ್ದರೆ ರಬ್ಬರ್ ಸುತ್ತಿಗೆಯಿಂದ ತಟ್ಟಿ, ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ. ಹೇಗೂ ಇಳಿಸಿದ್ದೀರಿ, ನೀರಿನ ಪಂಪಿನ ಇಂಪೆಲ್ಲರ್ (ನೀರೆತ್ತುವ ರಬ್ಬರ್ ಚಕ್ರ) ಬದಲಿಸಿಯೇ ಬಿಡಿ. ಕೆಂಪು ನೀರಿನ ಮಣ್ಣು ಅದರ ರೆಕ್ಕೆಗಳನ್ನು ಮರಳುಕಾಗದದ ಹಾಗೆ ಉಜ್ಜಿರುತ್ತದೆ.

ಫ್ಯಾನಿನ ಶಾಫ್ಟ್ ಹೊರತೆಗೆದರೆ ಡಾಗನ್ನು ಹಿಡಿದ ಅಡ್ಡ ಪಿನ್ನಿನ ಸುತ್ತ ತೆಳು ಸ್ಪ್ರಿಂಗ್ ಬಳೆ ಕಾಣುತ್ತದೆ. ಬಳೆ ಬಿಚ್ಚಿ ಪಿನ್ನು ತಳ್ಳುವಾಗ ಒಳಗಿನ ಸ್ಪ್ರಿಂಗ್ ಹಾರುತ್ತದೆ. ಬಟ್ಟೆಯ ಮೇಲೆ, ಕೈ ಮುಚ್ಚಿಕೊಂಡು ಮಾಡಿ. ಗೇರಿನ ಹಿಂದೆ ಸಿಗುವ ತೆಳು ಶಿಮ್ಮುಗಳನ್ನು ಆಯಾ ಗೇರಿನ ಜೊತೆಗೇ ದಾರದಲ್ಲಿ ಪೋಣಿಸಿಡಿ. ಹೊಸ ಗೇರು ಹಾಕುವುದಾದರೆ ಶಿಮ್ಮಿನ ದಪ್ಪ ಅಳೆದು ಹಲ್ಲುಗಳ ನಡುವಿನ ಸಡಿಲ ಹೊಂದಿಸಬೇಕು. ಅದಕ್ಕೆ ಡಯಲ್ ಗೇಜ್ ಮತ್ತು ಆ ಮಾದರಿಯ ಸರ್ವಿಸ್ ಪುಸ್ತಕ ಇಲ್ಲದೆ ಕೈ ಹಾಕುವುದು ಬೇಡ, ತಿಳಿದ ವರ್ಕ್‌ಶಾಪಿಗೆ ಕೊಡಿ.

ಮತ್ತೆ ಕೂರಿಸುವಾಗ ಡ್ರೈವ್ ಶಾಫ್ಟಿನ ಸ್ಪ್ಲೈನಿನ ಬದಿಗೆ ಗ್ರೀಸ್ ಹಚ್ಚಿ, ನೆತ್ತಿಗೆ ಹಚ್ಚಬೇಡಿ. ನೆತ್ತಿಯ ಗ್ರೀಸ್ ಮೇಲಿನ ತೂತಿನಲ್ಲಿ ಸಿಕ್ಕಿಕೊಂಡು ಶಾಫ್ಟ್ ಪೂರ್ತಿ ಮೇಲೇರಲು ಬಿಡುವುದಿಲ್ಲ. ಮುಂದಿನ ಗೇರಿಗೆ ಹಾಕಿ ಫ್ಯಾನಿನ ಶಾಫ್ಟ್ ಮೆಲ್ಲಗೆ ತಿರುಗಿಸುತ್ತಾ ಕಾಲನ್ನು ಮೇಲಕ್ಕೊತ್ತಿ, ಸ್ಪ್ಲೈನ್ ತಾನಾಗಿ ಕೂರುತ್ತದೆ. ಕೂಲಿಂಗ್ ನೀರಿನ ಕೊಳವೆ ರಬ್ಬರಿನೊಳಗೆ ಹೋಯಿತೇ ಎಂದು ಖಚಿತಪಡಿಸಿಕೊಳ್ಳಿ. ನಡುವೆ ಸಂದು ಉಳಿದಿದ್ದರೆ ಬೋಲ್ಟ್ ಬಿಗಿದು ಎಳೆಯಬೇಡಿ, ಆ ಒತ್ತಡ ನೇರ ಕ್ರ್ಯಾಂಕ್ ಶಾಫ್ಟಿಗೆ ಹೋಗುತ್ತದೆ. ಇಳಿಸಿ, ಮತ್ತೆ ಹೊಂದಿಸಿ.

ರಾಡು ಜೋಡಿಸಿ ಎಣಿಸಿಟ್ಟ ಥ್ರೆಡ್ಡಿಗೆ ತಂದ ಮೇಲೆ ಮೊದಲ ಓಟ ದಡದಲ್ಲೇ. ದೋಣಿಯನ್ನು ಹಿಂದೆ ಮುಂದೆ ಎರಡೂ ಕಡೆ ಗಟ್ಟಿ ಹಗ್ಗದಲ್ಲಿ ಕಟ್ಟಿ, ಸ್ಲೋನಲ್ಲಿ ಹತ್ತು ಸಲ ಮುಂದೆ, ನ್ಯೂಟ್ರಲ್, ಹಿಂದೆ ಹಾಕಿ ನೋಡಿ. ಪ್ರತಿ ಸಲ ಒಂದೇ 'ಟಕ್' ಕೇಳಬೇಕು. ಆಮೇಲೆ ಹಗ್ಗ ಜಗ್ಗುವಂತೆ ಅರ್ಧ ರೇಸ್ ಕೊಟ್ಟು ಒಂದು ನಿಮಿಷ ಹಿಡಿಯಿರಿ, ಗೇರು ಹಾರುವುದಿದ್ದರೆ ಇಲ್ಲೇ ಹಾರುತ್ತದೆ. ರಿವರ್ಸಿನಲ್ಲಿ ರೇಸ್ ಬೇಡ. ನೀರಿಗಿಳಿಯುವಾಗ ಲೈಫ್ ಜಾಕೆಟ್ಟು, ಒಂದು ಜೊತೆ ಹುಟ್ಟು, ಎರಡು ಪಿನ್ನು, ನಾಲ್ಕು ಕಾಟರ್ ಪಿನ್ನು, ಪ್ಲೇಯರ್, ಪ್ಲಗ್ ಸ್ಪ್ಯಾನರ್, ತಂಗೂಸಿ ಕೊಯ್ಯಲು ಒಂದು ಚೂಪು ಚಾಕು ಜೊತೆಗಿರಲಿ. ಮರುದಿನ ಬೆಳಗ್ಗೆ ಡ್ರೈನ್ ಸ್ಕ್ರೂ ಅರ್ಧ ಸುತ್ತು ಸಡಿಲಿಸಿ ಲೋಟದಲ್ಲಿ ನಾಲ್ಕು ಹನಿ ಹಿಡಿದು ಬೆಳಕಿಗೆ ನೋಡಿ.